ಹತ್ತಿಯ ಊರಿನಿಂದ ಅಮೆರಿಕ

ಅಮೆರಿಕದ ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದಬೇಕೆಂದು ಹಟ ಹಿಡಿದ ಹುಡುಗಿಯೊಬ್ಬಳು ನಮ್ಮ ಸರಸ್ವತಿ ನಗರದಲ್ಲಿದ್ದಾಳೆ. ‘ಅಲ್ಲಿಗೆ ಹೋಗಿ ದುಡಿಯೋದು ಸರಿ, ಅವರ ಇತಿಹಾಸ ಕಟ್ಕೊಂಡು ಏನ್ ಮಾಡ್ತೀಯವ್ವಾ?’ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ನನ್ನ ಮಾತು ಬೇರೆ: ದಾವಣಗೆರೆಯವಳಾದ್ದರಿಂದಲೇ ಅವಳು ಅದನ್ನು ಓದಬೇಕು.

ನಮ್ಮೂರು ಬೆಳೆದದ್ದು ಹತ್ತಿ ಗಿರಣಿಗಳಿಂದ, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡದ್ದೂ ಅದರಿಂದಲೇ. ಒಡೆದ ಹತ್ತಿಕಾಯಿಯಿಂದ ಒಂದು ತೊಳೆ ತೆಗೆದು ಬೀಜ ಬಿಡಿಸಿ ನೋಡಿ. ಎಳೆ ಸುಮ್ಮನೆ ಬರುವುದಿಲ್ಲ. ಉಗುರಿನಿಂದ ಎಳೆದಷ್ಟೂ ಬೀಜಕ್ಕೆ ನವಿರು ತುಪ್ಪಳ ಅಂಟಿಕೊಂಡೇ ಇರುತ್ತದೆ, ಬೆರಳ ತುದಿ ಉರಿಯುತ್ತದೆ. ಅಮೆರಿಕದ ದಕ್ಷಿಣದಲ್ಲಿ ಗುಲಾಮರ ಕೈಗೆ ಬಿದ್ದಿದ್ದ ಕೆಲಸ ಇದು. 1793ರಲ್ಲಿ ಎಲಿ ವಿಟ್ನಿ ಜಿನ್ ಯಂತ್ರ ಮಾಡಿದ. ದುಡಿಮೆ ತಗ್ಗಬೇಕಿತ್ತು, ತಗ್ಗಲಿಲ್ಲ. ಬೀಜ ಬಿಡಿಸುವುದು ಸಲೀಸಾದದ್ದೇ ಹೊಲಗಳು ಹಿಗ್ಗಿದವು, ಬಿತ್ತಲು ಕೀಳಲು ಆಳು ಬೇಕಾಯಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ರ ಹೊತ್ತಿಗೆ 40 ಲಕ್ಷದ ಹತ್ತಿರ ಬಂದಿದ್ದರು. ಈ ಲೆಕ್ಕ ಓದಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಹತ್ತಿ ಅಲ್ಲೇ ಉಳಿಯಲಿಲ್ಲ. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡ ಸೀಮೆಯ ಎರೆಹೊಲಕ್ಕೆ ಬಂತು, ‘ಧಾರವಾಡ-ಅಮೆರಿಕನ್’ ಎಂಬ ತಳಿಯಾಯಿತು. ಗರಗಸದ ಜಿನ್ನೂ ಬೆನ್ನಿಗೇ ಬಂತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಮುಂಬಯಿಯಲ್ಲಿ ಬೆಲೆ ಮುಗಿಲು ಮುಟ್ಟಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ನೆಲ ಕಚ್ಚಿತು. ಅಲ್ಲಿ ಗುಲಾಮರಿಗೆ ಬಿಡುಗಡೆಯಾದ ಹೊತ್ತಿನಲ್ಲೇ ಇಲ್ಲಿಯ ರೈತನ ತಲೆ ಮೇಲೆ ಸಾಲ ಬೆಳೆಯಿತು. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟದ್ದರ ಹಿಂದೆ ಈ ಕುಸಿತವೂ ಇದೆ. ಅದಕ್ಕೆ 2 ವರ್ಷ ಮೊದಲೇ ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು.

ನಮ್ಮ ಕಾಲೇಜುಗಳಲ್ಲಿ ಅಮೆರಿಕ ಒಂದು ಪತ್ರಿಕೆಯಲ್ಲಿ ಮುಗಿಯುತ್ತದೆ: ಬೋಸ್ಟನ್ ಚಹಾ, ಲಿಂಕನ್, ನ್ಯೂ ಡೀಲ್, ಪರೀಕ್ಷೆ. ನಮ್ಮ ಹೊಲದ ಸುದ್ದಿಯೇ ಅದರಲ್ಲಿ ಇರುವುದಿಲ್ಲ. ಆಳವಾಗಿ ಓದುವವರಿಗೆಂದು 1964ರಲ್ಲಿ ಹೈದರಾಬಾದಿನಲ್ಲಿ ಅಮೆರಿಕನ್ ಅಧ್ಯಯನ ಕೇಂದ್ರ ಶುರುವಾಗಿತ್ತು. ಅಂಥದ್ದೊಂದು ಈ ಕಡೆಯೂ ಬೇಕಿತ್ತು.

ಹುಡುಗಿಗೆ ನಾನು ಹೇಳಿರುವುದಿಷ್ಟು: 1884ರ ಧಾರವಾಡ ಗೆಜೆಟಿಯರ್ ತೆಗೆದು ಹತ್ತಿಯ ಪುಟಗಳನ್ನು ಮೊದಲು ಓದವ್ವಾ, ಮಿಸಿಸಿಪ್ಪಿಗೆ ಆಮೇಲೆ ಹೋಗು.