ಕರಿಯನ ಕಣ್ಣಿಗೆ ಚುಚ್ಚದ ಬೆಳಕು

ಕಪ್ಪು ನಾಯಿ ಸಾಕಿದವರಿಗೆಲ್ಲ ಈ ಕಷ್ಟ ಗೊತ್ತೇ ಇರುತ್ತದೆ. ಸಂಜೆ ಮೇಲೆ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ನಾಯಿ ಬರುವುದಿಲ್ಲ, ಎರಡು ಹಸಿರು ದೀಪ ಮಾತ್ರ ಬರುತ್ತವೆ! ಹೆಬ್ರಿಯ ನಮ್ಮ ಮನೆಯ ಕರಿಯನದ್ದೂ ಅದೇ ಕಥೆ. ಅವನಿಗೀಗ 13 ವರ್ಷ. ಮೆಟ್ಟಿಲು ಹತ್ತುವಾಗ ಎರಡು ಸಲ ಯೋಚಿಸುತ್ತಾನೆ. ಅವನನ್ನು ಮರಿಯಿಂದ ಸಾಕಿದ ಅಕ್ಕ ಈಗ ದುಬೈಯಲ್ಲಿದ್ದಾಳೆ. ನಾನು ಮಣಿಪಾಲದಿಂದ ವಾರದ ಕೊನೆಗೆ ಮನೆ ಮುಟ್ಟುವುದೇ ತಡ, ವಾಟ್ಸಾಪ್‌ನಲ್ಲಿ ಅವಳ ಮೆಸೇಜು: "ಕರಿಯನ ಒಂದು ಒಳ್ಳೆ ಫೋಟೋ ಹಾಕು ಮಾರಾಯ. ಮುಖ ಕಾಣ್ಬೇಕು."

ಮುಖ ಕಾಣಬೇಕು ಅನ್ನುವುದೇ ಕಷ್ಟ. ನಮ್ಮದು ಆಗುಂಬೆ ಘಾಟಿಯ ಬುಡದ ಊರು. ಮಳೆಗಾಲದಲ್ಲಿ ಹಂಚಿನ ಮನೆಯೊಳಗೆ ಮಧ್ಯಾಹ್ನವೇ ಕತ್ತಲೆ, ಮೇಲೆ ಕರೆಂಟಿನ ಕಣ್ಣಾಮುಚ್ಚಾಲೆ. ಕರಿಯನಿಗೋ ಸಿಡಿಲು ಮಿಂಚು ಅಂದರೆ ಜೀವ ಹೋದ ಹಾಗೆ, ಮಂಚದಡಿ ಸೇರಿಬಿಡುತ್ತಾನೆ. ಅವನ ಲೆಕ್ಕದಲ್ಲಿ ಫ್ಲ್ಯಾಶ್ ಕೂಡ ಮಿಂಚೇ. "ಅವನ ಕಣ್ಣಿಗೆ ಯಾಕೆ ಹೊಡೀತಿ? ಪಾಪ, ವಯಸ್ಸಾಯ್ತಲ್ಲ" ಎಂದು ಅಮ್ಮ ಒಳಗಿನಿಂದಲೇ ಕೂಗುತ್ತಾರೆ.

ಕಣ್ಣು ಹಸಿರಾಗುವುದಕ್ಕೆ ಕಾರಣ ಇದೆ. ನಾಯಿಯ ಕಣ್ಣಿನ ರೆಟಿನಾದ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ, ಟಪೀಟಮ್ ಲೂಸಿಡಮ್ ಅಂತ ಅದರ ಹೆಸರು. ಸ್ವಲ್ಪ ಬೆಳಕಿನಲ್ಲೂ ಕಾಣಲಿ ಎಂದು ಪ್ರಕೃತಿ ಕೊಟ್ಟದ್ದು. ಫೋನಿನಲ್ಲಿ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಹೋದ ಬೆಳಕು ಆ ಕನ್ನಡಿಗೆ ತಾಗಿ ನೇರ ವಾಪಸ್ ಬರುತ್ತದೆ. ನಮಗೆ ಈ ಪದರ ಇಲ್ಲ. ಹಾಗಾಗಿ ನಮ್ಮ ಕಣ್ಣು ಕೆಂಪಾಗುತ್ತದೆ, ಅದು ಒಳಗಿನ ರಕ್ತನಾಳಗಳ ಬಣ್ಣ.

ಇನ್ನು ಬೆಳಕು ಒರಟಾಗುವುದು ಯಾಕೆ? ಫ್ಲ್ಯಾಶ್ ಸಾಸಿವೆಯಷ್ಟು ಚಿಕ್ಕದು. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳು ಗಡುಸು. ಮೋಡ ಮುಚ್ಚಿದ ದಿನ ನೋಡಿ, ಇಡೀ ಆಕಾಶವೇ ದೀಪ, ನೆರಳೇ ಇಲ್ಲ. ಫ್ಲ್ಯಾಶಿಗೆ ಟಿಶ್ಯೂ ಪೇಪರ್ ಅಂಟಿಸಿದರೆ ಬೆಳಕು ಮಂಕಾಗುತ್ತದೆ, ಆದರೆ ಮೂಲ ಚಿಕ್ಕದಾಗಿಯೇ ಉಳಿಯುವುದರಿಂದ ಹೆಚ್ಚು ಮೃದುವಾಗುವುದಿಲ್ಲ. ಬೆಳಕನ್ನು ದೊಡ್ಡದು ಮಾಡಬೇಕು.

ನಮ್ಮನೆಯಲ್ಲಿ ಈಗ ಹೀಗೆ ಮಾಡುತ್ತೇವೆ. ಫೋನಿನ ಫ್ಲ್ಯಾಶ್ ಆಫ್. ಅಮ್ಮನ ಫೋನಿನ ಟಾರ್ಚನ್ನು ಪಕ್ಕದ ಬಿಳಿ ಗೋಡೆಗೆ ತಿರುಗಿಸಿ ಇಡುವುದು. ಆಗ ಗೋಡೆಯೇ ದೀಪ. ಬಣ್ಣದ ಗೋಡೆ ಬೇಡ, ಹಸಿರು ಗೋಡೆಯಾದರೆ ನಾಯಿಯೂ ಹಸಿರು. ಸಿಟಿಯವರು ಸೀಲಿಂಗಿಗೆ ಬೆಳಕು ಹೊಡೆಯುತ್ತಾರೆ, ಹಂಚು ಪಕಾಸಿನ ಕಪ್ಪು ಮಾಡಿಗೆ ಅದು ಆಗಿಬರುವುದಿಲ್ಲ. ಬಿಳಿ ಗೋಡೆ ಇಲ್ಲದಿದ್ದರೆ ಅಪ್ಪನ ಬಿಳಿ ಪಂಚೆಯನ್ನು ಎರಡು ಕುರ್ಚಿಗೆ ಕಟ್ಟಿ, ಅದರ ಹಿಂದಿನಿಂದ ಟಾರ್ಚ್ ಬಿಡಬಹುದು. ಬೆಳಕು ಆದಷ್ಟು ಹತ್ತಿರ ಇರಲಿ. ದೂರ ಎರಡು ಪಟ್ಟಾದರೆ ನಾಯಿಗೆ ತಲುಪುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮತ್ತೊಂದು ವಿಷಯ. ಕಪ್ಪು ಕೂದಲನ್ನು ಕಂಡರೆ ಕ್ಯಾಮೆರಾ 'ಕತ್ತಲೆ ಇದೆ' ಎಂದುಕೊಂಡು ಎಲ್ಲವನ್ನೂ ಬೆಳಗಿಸಿ ಬೂದಿ ಬಣ್ಣ ಮಾಡುತ್ತದೆ. ನಾಯಿಯ ಮುಖ ಮುಟ್ಟಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ನೈಟ್ ಮೋಡ್ ನಾಯಿ ಮಲಗಿದ್ದಾಗ ಮಾತ್ರ ಸರಿ, ಬಾಲ ಅಲ್ಲಾಡಿಸಿದರೆ ಫೋಟೋ ಕಲಸುಮೇಲೋಗರ.

ಎಲ್ಲಕ್ಕಿಂತ ಒಳ್ಳೆಯದು ಖರ್ಚಿಲ್ಲದ ಬೆಳಕು. ಬೆಳಿಗ್ಗೆ ಜಗಲಿಯ ಅಂಚಿನಲ್ಲಿ, ಅಂಗಳದ ಕಡೆ ಮುಖ ಮಾಡಿ ಕೂರಿಸಿ, ನಾವೂ ನೆಲದ ಮೇಲೆ ಕೂತು ಅವನ ಕಣ್ಣಿನ ಮಟ್ಟದಲ್ಲಿ ಫೋನ್ ಹಿಡಿಯುವುದು.

ಹಾಗೆ ತೆಗೆದ ಒಂದು ಫೋಟೋದಲ್ಲಿ ಕರಿಯನ ಗಡ್ಡ ಎಷ್ಟು ಬೆಳ್ಳಗಾಗಿದೆ ಅಂತ ಮೊದಲ ಸಲ ಸರಿಯಾಗಿ ಕಂಡಿತು. ಕಣ್ಣಲ್ಲಿ ತೆಳು ನೀಲಿ ಮಂಜು ಕೂಡ. ಫ್ಲ್ಯಾಶಿನ ಹಸಿರಿನಲ್ಲಿ ಅದು ಯಾವತ್ತೂ ಕಂಡಿರಲಿಲ್ಲ. ಪಶುವೈದ್ಯರಿಗೆ ತೋರಿಸಿದೆವು. ಪೊರೆ ಅಲ್ಲ, ವಯಸ್ಸಿಗೆ ಲೆನ್ಸ್ ಗಟ್ಟಿಯಾಗಿ ಹಾಗೆ ಕಾಣುವುದು, ಹೆದರಬೇಡಿ ಅಂದರು. ಬಿಳಿ ಹೆಚ್ಚಾದರೆ ಮಾತ್ರ ಮತ್ತೆ ಕರೆತರಬೇಕಂತೆ.

ಅಕ್ಕನಿಗೆ ಆ ಫೋಟೋ ಕಳಿಸಿದೆ. ತುಂಬ ಹೊತ್ತು ಉತ್ತರ ಇಲ್ಲ. ಆಮೇಲೆ ಒಂದೇ ಸಾಲು: "ಡಿಸೆಂಬರಿಗೆ ಬರ್ತೇನೆ, ಅವನಿಗೆ ಹೇಳು." ಡಿಸೆಂಬರ್ ಕರಿಯನಿಗೆ ಎಷ್ಟು ದೂರ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮ ಮಾತ್ರ ಅವನ ಅನ್ನಕ್ಕೆ ಎರಡು ಮೀನು ಜಾಸ್ತಿ ಹಾಕುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ವಯಸ್ಸಾದ ನಾಯಿ ಇದ್ದರೆ ಈ ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಅದರ ಜೊತೆ ಜಗಲಿಯಲ್ಲಿ ಕೂತುಕೊಳ್ಳಿ. ಫೋಟೋ ತಾನಾಗಿ ಬರುತ್ತದೆ.