ಒಂದೇ ಕಣ್ಣಿಗೂ ಕಂಡ ಬೆಕ್ಕು

ಟೋಕಿಯೊದ ಶಿಂಜುಕು ರೈಲು ನಿಲ್ದಾಣದ ಪೂರ್ವದ ಬಾಗಿಲಿನಿಂದ ಹೊರಗೆ ಬಂದರೆ ಎದುರಿಗೇ ಒಂದು ಕಟ್ಟಡ. ಅದರ ಮೇಲೊಂದು ಬೆಕ್ಕು. ಬಿಳಿ, ಕಪ್ಪು, ಕಿತ್ತಳೆ, ಹೀಗೆ ಮೂರು ಬಣ್ಣದ್ದು. ಗಾತ್ರದಲ್ಲಿ ಒಂದು ಬಸ್ಸಿನಷ್ಟು ಅಂದುಕೊಳ್ಳಿ. ಮಲಗಿದ್ದದ್ದು ಎದ್ದು, ಮೈ ಮುರಿದು, ಅಂಚಿಗೆ ಬಂದು, ಕೆಳಗೆ ಓಡಾಡುವ ಜನರನ್ನು ಬಗ್ಗಿ ನೋಡಿ ‘ಮಿಯಾಂವ್’ ಅನ್ನುತ್ತದೆ. ಇನ್ನೇನು ಬಿದ್ದೇಬಿಡುತ್ತದೆ ಎಂದು ನೋಡುವವರ ಎದೆ ಜುಂ ಅನ್ನಬೇಕು, ಹಾಗೆ.

ಬೀಳುವುದಿಲ್ಲ ಬಿಡಿ. ಅದು ಎಲ್‌ಇಡಿ ದೀಪಗಳಲ್ಲಿ ಮೂಡುವ ಚಿತ್ರ. 2021ರ ಜುಲೈಯಲ್ಲಿ ಅಲ್ಲಿ ಹಾಕಿದ, ಸುಮಾರು 150 ಚದರ ಮೀಟರಿನ ಪರದೆ ಅದು. ಹಾಕಿದ್ದು ಜಾಹೀರಾತು ತೋರಿಸುವುದಕ್ಕೇ. ಜಾಹೀರಾತುಗಳ ನಡುವೆ ಬೆಕ್ಕು ಬಂದು ಹೋಗುತ್ತದೆ. ಅದು ಬರುವವರೆಗೆ ನಿಂತವರೆಲ್ಲ ಜಾಹೀರಾತು ನೋಡಲೇಬೇಕು. ಮಗುವಿಗೆ ಔಷಧ ಕುಡಿಸಲು ಬೆಲ್ಲ ತೋರಿಸುವ ಉಪಾಯ! ಆದರೂ ಜನ ದೇಶವಿದೇಶಗಳಿಂದ ಬಂದು, ಕತ್ತೆತ್ತಿ, ಫೋನ್ ಹಿಡಿದು ಕಾಯುತ್ತಾರೆ. ಇದಕ್ಕೂ ಹಿಂದಿನ ವರ್ಷ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಇಂಥದೇ ಪರದೆಯ ಮೇಲೆ ಸಮುದ್ರದ ಅಲೆಯೊಂದು ಗಾಜಿನ ತೊಟ್ಟಿಯೊಳಗೆ ಬಂದು ಅಪ್ಪಳಿಸಿತ್ತು. ಅದನ್ನು ನಾನು ನೋಡಿದ್ದು ಫೋನಿನಲ್ಲಿ ಮಾತ್ರ. ಬೆಕ್ಕನ್ನು ಖುದ್ದಾಗಿ ನೋಡಿದೆ. ಮಗಳ ಸಂಸಾರ ಟೋಕಿಯೊದಲ್ಲಿದೆ.

ನನ್ನ ಎಡಗಣ್ಣಿನ ವಿಷಯ ಇಲ್ಲಿ ಹೇಳಬೇಕು. ನನಗೆ ಆಗ ಆರು ವರ್ಷ. ಅಣ್ಣಂದಿರು ಚಿನ್ನಿದಾಂಡು ಆಡುತ್ತಿದ್ದರು, ನಾನು ನೋಡುತ್ತ ನಿಂತಿದ್ದೆ. ಹಾರಿ ಬಂದ ಚಿನ್ನಿ ಕಣ್ಣಿಗೇ ಬಡಿಯಿತು. ಆ ಕಣ್ಣು ಹೋಯಿತು. ಒಂದೇ ಕಣ್ಣಿನಲ್ಲಿ ಓದು, ಅಡುಗೆ, ಹೊಲಿಗೆ ಎಲ್ಲ ಮಾಡಿದ್ದೇನೆ. ಲೋಟಕ್ಕೆ ಕಾಫಿ ಬಗ್ಗಿಸುವಾಗ ಮಾತ್ರ ಪಾತ್ರೆಯ ಮೂತಿಯನ್ನು ಲೋಟದ ಕಂಠಕ್ಕೆ ತಾಗಿಸಿಕೊಂಡೇ ಬಗ್ಗಿಸುತ್ತೇನೆ. ಇಲ್ಲದಿದ್ದರೆ ಲೋಟ ಎಷ್ಟು ದೂರ ಇದೆ ಎಂದು ನೆಟ್ಟಗೆ ತಿಳಿಯುವುದಿಲ್ಲ.

ಮೊಮ್ಮಗಳು ಪುಟ್ಟಿಗೆ ಇದು ಗೊತ್ತಾದದ್ದು ಸಿನಿಮಾ ಮಂದಿರದಲ್ಲಿ. ಹಿಂದೊಮ್ಮೆ ರಜೆಗೆ ಊರಿಗೆ ಬಂದವಳು ಕನ್ನಡಕ ಹಾಕಿಕೊಂಡು ನೋಡುವ ತ್ರೀಡಿ ಸಿನಿಮಾಕ್ಕೆ ನನ್ನನ್ನು ಎಳೆದುಕೊಂಡು ಹೋದಳು. ಮೀನು ಮೂಗಿನ ಹತ್ತಿರ ಬಂತೆಂದು ಮಕ್ಕಳೆಲ್ಲ ಕೈ ಚಾಚುತ್ತಿದ್ದರು. ನಾನು ಸುಮ್ಮನೆ ಕೂತಿದ್ದೆ. “ಅಜ್ಜೀ, ಹಿಡಿ, ಹಿಡಿ!” ಅಂದಳು. ಏನನ್ನು ಹಿಡಿಯಲಿ? ನನಗೆ ಮೀನು ಗೋಡೆಯ ಮೇಲೇ ಇತ್ತು. ಹೊರಗೆ ಬಂದ ಮೇಲೆ ಕಾರಣ ಹೇಳಿದೆ. ಅವಳು ಅಳಲಿಲ್ಲ, ಆದರೆ ಆಮೇಲೆ ತ್ರೀಡಿ ಸಿನಿಮಾಕ್ಕೆ ಯಾರು ಕರೆದರೂ “ಬೇಡ” ಅನ್ನತೊಡಗಿದಳಂತೆ. ಮಗು ನನ್ನಿಂದಾಗಿ ಒಂದು ಸಂತೋಷವನ್ನು ಬಿಟ್ಟುಕೊಟ್ಟಿತಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.

ಆ ಸಿನಿಮಾದ ಗುಟ್ಟು ಎರಡು ಕಣ್ಣಿನಲ್ಲಿದೆ. ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ. ಹಾಗಾಗಿ ಎರಡೂ ಕಾಣುವ ಚಿತ್ರಗಳಲ್ಲಿ ತುಸು ವ್ಯತ್ಯಾಸ. ಮಿದುಳು ಅವೆರಡನ್ನೂ ಕೂಡಿಸಿ ಹತ್ತಿರ ಯಾವುದು, ದೂರ ಯಾವುದು ಎಂದು ಲೆಕ್ಕ ಹಾಕುತ್ತದೆ. ಕನ್ನಡಕ ಮಾಡುವುದು ಇಷ್ಟೇ, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ಕಳಿಸುವುದು. ನನ್ನ ಹತ್ತಿರ ಕೂಡಿಸಲು ಎರಡನೆಯದೇ ಇಲ್ಲ.

ಶಿಂಜುಕುವಿನ ಬೆಕ್ಕಿಗೆ ಕನ್ನಡಕ ಬೇಡ. ಅಲ್ಲಿ ಪರದೆ ಕಟ್ಟಡದ ಮೂಲೆಯನ್ನು ಬಳಸಿಕೊಂಡು ಬಾಗಿದೆ. ಚಿತ್ರ ಬರೆದವರು ಬೀದಿಯಲ್ಲಿ ಜನ ಎಲ್ಲಿ ನಿಲ್ಲುತ್ತಾರೆ ಎಂದು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಸರಿಯಾಗಿ ಕಾಣುವಂತೆ ಗೆರೆಗಳನ್ನು ಓರೆ ಮಾಡುತ್ತಾರೆ. ನೆರಳು ಹಾಕುತ್ತಾರೆ. ಮುಂದಿನ ವಸ್ತು ಹಿಂದಿನದನ್ನು ಮರೆಮಾಡುವಂತೆ ಇಡುತ್ತಾರೆ. ಇವನ್ನೆಲ್ಲ ಓದಲು ಒಂದು ಕಣ್ಣು ಸಾಕು. ಫೋನಿನ ವಿಡಿಯೊದಲ್ಲೂ ಬೆಕ್ಕು ಅಷ್ಟೇ ಚೆನ್ನಾಗಿ ಕಾಣುವುದು ಇದಕ್ಕೇ, ಕ್ಯಾಮೆರಾ ನೋಡುವುದೂ ಒಂದೇ ಕಣ್ಣಿನಲ್ಲಿ ತಾನೆ!

ಕಂಪನಿ ನಾಟಕ ನೋಡಿದ ಹಿರಿಯರಿಗೆ ಈ ವಿದ್ಯೆ ಹೊಸದಲ್ಲ. ದರ್ಬಾರಿನ ಪರದೆ ಇಳಿದರೆ ಸಾಲುಕಂಬಗಳು ಹಿಂದಕ್ಕೆ ಹಿಂದಕ್ಕೆ ಹೋಗಿ ಅರಮನೆ ಆಳವಾಗಿ ಕಾಣುತ್ತಿತ್ತಲ್ಲ? ಇದ್ದದ್ದು ಬಟ್ಟೆ, ಬಣ್ಣ. ನಡುವೆ ಕೂತವರಿಗೆ ಅರಮನೆ, ಪಕ್ಕದ ಮೂಲೆಯಲ್ಲಿ ಕೂತವರಿಗೆ ಸೊಟ್ಟ ಕಂಬ.

ಅಂದು ಸಂಜೆ ಪುಟ್ಟಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದಳು. ಬೆಕ್ಕು ಅಂಚಿಗೆ ಬಂದು ಬಗ್ಗಿತು. ಸುತ್ತಲಿನವರು “ಓ” ಎಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೇಕೆಂದಲ್ಲ, ಕಾಲು ತಾನಾಗಿ ಸರಿಯಿತು. ಪುಟ್ಟಿ ಬೆಕ್ಕನ್ನು ಬಿಟ್ಟು ನನ್ನ ಮುಖ ನೋಡಿದಳು.

“ಅಜ್ಜೀ, ನಿಂಗೂ ಹೊರಗೆ ಬಂದ ಹಾಗೆ ಕಾಣ್ತಾ?”

“ಬಂತಲ್ಲೇ, ತಲೆ ಮೇಲೇ ಬಂತು!”

ನಂಬಿಕೆ ಬರಲಿಲ್ಲ ಅನ್ನಿಸುತ್ತದೆ. ತನ್ನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮುಂದಿನ ಸಲ ಬೆಕ್ಕು ಬರುವವರೆಗೂ ಕಾದಳು. ನಡುವೆ ಬಂದ ಜಾಹೀರಾತನ್ನೂ ಒಂದೇ ಕಣ್ಣಿನಲ್ಲಿ ನೋಡಿದಳು. ಬೆಕ್ಕು ಬಂದಾಗ ಕುಣಿದಾಡಿಬಿಟ್ಟಳು. ಆಮೇಲೆ ನನ್ನನ್ನು ರಸ್ತೆಯ ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ ಎಳೆದುಕೊಂಡು ಹೋದಳು. ಅಲ್ಲಿಂದ ನೋಡಿದರೆ ಬೆಕ್ಕಿನ ಮುಖ ಲಟ್ಟಿಸಿದ ಚಪಾತಿಯ ಹಾಗೆ ಒಂದು ಕಡೆ ಎಳೆದುಕೊಂಡಿತ್ತು. ನಾವಿಬ್ಬರೂ ನಕ್ಕಿದ್ದು ನೋಡಿ ಪಕ್ಕದಲ್ಲಿದ್ದವರೂ ನಕ್ಕರು, ಯಾಕೆಂದು ಅವರಿಗೆ ಗೊತ್ತಿರಲಾರದು.

ರಾತ್ರಿ ಒಂದು ಗಂಟೆಗೆ ಆ ಪರದೆ ಆರುತ್ತದೆ, ಬೆಳಿಗ್ಗೆ ಏಳಕ್ಕೆ ಮತ್ತೆ ಹೊತ್ತಿಕೊಳ್ಳುತ್ತದೆ. ಮರುದಿನ ಅಷ್ಟು ಹೊತ್ತಿಗೆ ಪುಟ್ಟಿಯೂ ಎದ್ದು ಅಡುಗೆಮನೆಗೆ ಬಂದಿದ್ದಳು. ಒಂದು ಕಣ್ಣು ಮುಚ್ಚಿಕೊಂಡು ನನಗೆ ತಾನೇ ಕಾಫಿ ಬಗ್ಗಿಸಿಕೊಡುತ್ತೇನೆ ಎಂದು ಹಟ. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಮೇಜಿಗೆ. “ಮೂತಿ ತಾಗಿಸ್ಕೋ” ಎಂದು ಹೇಳಿಕೊಟ್ಟೆ. ಎರಡನೆಯ ಲೋಟ ಸರಿಯಾಗಿ ತುಂಬಿತು.