ಮನೆಗೋ, ಶಾಲೆಗೋ?

ಬಡವರಿಗೆ ಮನೆ ಕಟ್ಟಿಕೊಡಬೇಕೆಂದರೆ ಬೇಡವೆನ್ನುವವರು ಯಾರೂ ಇಲ್ಲ. ಮಕ್ಕಳಿಗೆ ಒಳ್ಳೆಯ ಶಾಲೆ ಬೇಕೆಂದರೂ ಅಷ್ಟೆ. ಎರಡಕ್ಕೂ ಹಣ ಒಂದೇ ಚೀಲದಿಂದ ಬರಬೇಕಾದಾಗ ಮಾತ್ರ ಜಗಳ ಶುರುವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2011ರಲ್ಲಿ ನಡೆದದ್ದು ಇಂಥದೊಂದು ಜಗಳ. ಮಗನೋ ಮಗಳೋ ಅಲ್ಲಿದ್ದಾರೆಂದು ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ನಾಡು ಅದು. ಬಾಡಿಗೆಯ ಮಾತು ಬಂದಾಗ ಮಾತ್ರ ಆ ಮಕ್ಕಳೂ ಫೋನಿನಲ್ಲಿ ನಿಟ್ಟುಸಿರು ಬಿಡುತ್ತಾರೆ. ಕೈತುಂಬ ಸಂಬಳ ಬರುವ ಎಂಜಿನಿಯರುಗಳ ಪಾಡೇ ಹೀಗಾದರೆ, ಅವರ ಮಕ್ಕಳ ಶಾಲೆಯಲ್ಲಿ ಊಟ ಬಡಿಸುವವಳು, ಬಸ್ಸು ಓಡಿಸುವವನು, ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆ ಬದಲಿಸುವವರು ಎಲ್ಲಿ ವಾಸ ಮಾಡಬೇಕು?

ಈ ಪ್ರಶ್ನೆಗೆ ಆ ರಾಜ್ಯ ಕಂಡುಕೊಂಡಿದ್ದ ಉತ್ತರಗಳಲ್ಲಿ ಮುಖ್ಯವಾದದ್ದು ನಗರಗಳ ಪುನರಭಿವೃದ್ಧಿ ಸಂಸ್ಥೆಗಳು. ಹಾಳುಬಿದ್ದ ಬಡಾವಣೆಗಳನ್ನು ಸರಿಪಡಿಸಲು ನಗರಗಳು ಇಂಥ ಸಂಸ್ಥೆ ಸ್ಥಾಪಿಸಿಕೊಳ್ಳಬಹುದೆಂದು 1945ರಲ್ಲೇ ಕಾನೂನು ಬಂದಿತ್ತು. ಆದರೆ ಹಣ? ಅದಕ್ಕೊಂದು ಜಾಣ ಉಪಾಯ ಹುಡುಕಿ, 1952ರಲ್ಲಿ ಮತದಾರರ ಒಪ್ಪಿಗೆಯನ್ನೂ ಪಡೆಯಲಾಯಿತು.

ಲೆಕ್ಕದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ತೆಗೆದುಕೊಳ್ಳಬಹುದು. ಒಂದು ಬಡಾವಣೆಯ ಮನೆ, ಅಂಗಡಿಗಳ ಒಟ್ಟು ಬೆಲೆ 10 ಕೋಟಿ ಡಾಲರ್ ಎಂದಿಟ್ಟುಕೊಳ್ಳಿ. ಶೇಕಡಾ 1ರ ದರದಲ್ಲಿ ಆಸ್ತಿ ತೆರಿಗೆ 10 ಲಕ್ಷ. ಅದು ಶಾಲೆ, ಕೌಂಟಿ, ನಗರ, ಅಗ್ನಿಶಾಮಕ ದಳ ಹೀಗೆ ಹಂಚಿಹೋಗುತ್ತದೆ. ಆ ಬಡಾವಣೆಯನ್ನು ಪುನರಭಿವೃದ್ಧಿ ಪ್ರದೇಶವೆಂದು ಘೋಷಿಸಿದ ದಿನ ಈ ಹಂಚಿಕೆ ಅಲ್ಲಿಗೇ ಗಂಟು ಹಾಕಿದಂತೆ ನಿಲ್ಲುತ್ತದೆ. ಇಪ್ಪತ್ತು ವರ್ಷಗಳ ನಂತರ ಬೆಲೆ 40 ಕೋಟಿಗೆ ಏರಿ ತೆರಿಗೆ 40 ಲಕ್ಷವಾದರೂ ಶಾಲೆ ಮತ್ತಿತರರಿಗೆ ಹಳೆಯ 10 ಲಕ್ಷದ ಪಾಲೇ. ಹೆಚ್ಚಾದ 30 ಲಕ್ಷದಲ್ಲಿ ಬಹುಪಾಲು ಪುನರಭಿವೃದ್ಧಿ ಸಂಸ್ಥೆಗೆ. ಆ ಆದಾಯ ಬರುತ್ತದೆಂಬ ಭರವಸೆಯ ಮೇಲೆ ಸಂಸ್ಥೆ ಮೊದಲೇ ಸಾಲ ಎತ್ತಿ ರಸ್ತೆ, ಚರಂಡಿ, ಕಟ್ಟಡಗಳಿಗೆ ಸುರಿಯುತ್ತದೆ. ಸ್ಯಾನ್ ಹೋಸೆ ನಗರದ ಉತ್ತರ ಭಾಗದಲ್ಲಿ ಎದ್ದ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ತಂದುಕೊಟ್ಟ ಇಂಥ ತೆರಿಗೆಯಿಂದಲೇ ಆ ಊರಿನ ಹಳೆಯ ಪೇಟೆಗೆ ಹೊಸ ಮುಖ ಬಂದದ್ದು. ಕನ್ನಡದ ಹುಡುಗರು ದುಡಿಯುವ ಕಟ್ಟಡಗಳೂ ಹಾಗೆ ಈ ಕಥೆಯ ಒಂದು ಪಾತ್ರವೇ.

ಹೀಗೆ ಬಂದ ಹಣದಲ್ಲಿ ಐದನೇ ಒಂದು ಪಾಲನ್ನು ಕಡಿಮೆ ಮತ್ತು ಮಧ್ಯಮ ಆದಾಯದವರ ಮನೆಗಳಿಗೇ ಮೀಸಲಿಡಬೇಕೆಂದು 1976ರಲ್ಲಿ ಕಾನೂನಾಯಿತು. ಅದಕ್ಕೂ ಕಾರಣವಿತ್ತು. ಅಲ್ಲಿಯವರೆಗೆ ‘ಅಭಿವೃದ್ಧಿ’ ಎಂದರೆ ಬಡವರ ಮನೆಗಳನ್ನು ಕೆಡವುವುದೇ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಪ್ರದೇಶದಲ್ಲಿ ಕಪ್ಪುಜನರ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದಾಗ ಹೊಸ ಮನೆಯಲ್ಲಿ ಆದ್ಯತೆ ಕೊಡುತ್ತೇವೆಂಬ ಪತ್ರಗಳನ್ನು ಅವರ ಕೈಗಿಟ್ಟಿದ್ದರು. ಖಾಲಿ ನಿವೇಶನಗಳು ವರ್ಷಗಟ್ಟಲೆ ಖಾಲಿಯೇ ಉಳಿದವು. ಪತ್ರ ಹಿಡಿದವರಲ್ಲಿ ಹೆಚ್ಚಿನವರು ಮರಳಿ ಬರಲೇ ಇಲ್ಲ.

‘ಮನೆ ಕಟ್ಟಿ ನೋಡು’ ಎಂಬ ಗಾದೆ ಹುಟ್ಟಿಸಿದವರು ಬಾಡಿಗೆ ಕಡಿಮೆ ಇಡಬೇಕಾದ ಮನೆ ಕಟ್ಟುವ ಕಷ್ಟವನ್ನು ಕಂಡಿದ್ದರೋ ಇಲ್ಲವೋ. ಬಾಡಿಗೆ ಕಡಿಮೆಯಾದರೆ ಬ್ಯಾಂಕು ಕೊಡುವ ಸಾಲವೂ ಕಡಿಮೆ. ಕೇಂದ್ರ ಸರ್ಕಾರ 1986ರಿಂದ ಕೊಡುತ್ತಿರುವ ತೆರಿಗೆ ರಿಯಾಯಿತಿಯನ್ನು ಮಾರಿ ಒಂದಷ್ಟು ಬಂಡವಾಳ ಹುಟ್ಟಿಸಬಹುದು. ಅದೂ ಸಾಲದೆ ಉಳಿಯುವ ಕಂದರವನ್ನು ತುಂಬುತ್ತಿದ್ದುದು ಪುನರಭಿವೃದ್ಧಿ ಸಂಸ್ಥೆ. ಅದು ಮೊದಲು ಜಾಗ ಕೊಡಬೇಕು, ಮೊದಲ ಕಂತು ಇಡಬೇಕು; ಆಮೇಲೆ ಮಿಕ್ಕವರು ಧೈರ್ಯ ಮಾಡುತ್ತಾರೆ. ಬೆಲ್ಲವಿದ್ದಲ್ಲಿ ಇರುವೆ ಎಂಬಂತೆ. ಸಂಸ್ಥೆಯ ಒಂದು ಡಾಲರ್ ಹಿಂದೆ ಹಲವು ಡಾಲರ್‌ಗಳು ಬಂದು ಸೇರುತ್ತಿದ್ದವು. ಆ ಒಂದು ಡಾಲರ್ ಬಾರದಿದ್ದರೆ ಉಳಿದವೂ ಬಾರವು. ಇಡೀ ರಾಜ್ಯದಲ್ಲಿ ಹೀಗೆ ಮನೆಗಳಿಗೆ ಸಿಗುತ್ತಿದ್ದ ಹಣ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್.

ಅಂದ ಮೇಲೆ ಇದನ್ನು ಮುಚ್ಚುವ ಮಾತು ಏಕೆ ಬಂತು? 1978ರಲ್ಲಿ ‘ಪ್ರಸ್ತಾಪ 13’ ಎಂಬ ಜನಮತದ ಕಾಯ್ದೆ ಆಸ್ತಿ ತೆರಿಗೆಗೆ ಶೇಕಡಾ 1ರ ಮಿತಿ ಹಾಕಿತು. ಬೇರೆ ದಾರಿ ಕಾಣದ ನಗರಗಳು ಪುನರಭಿವೃದ್ಧಿಯ ಬಾಗಿಲಿಗೆ ಮುಗಿಬಿದ್ದವು. ಹಾಳುಬಿದ್ದ ಜಾಗವೆಂಬ ಹಣೆಪಟ್ಟಿ ಚೆನ್ನಾಗಿದ್ದ ಜಾಗಗಳಿಗೂ ಬಿತ್ತು. ಪಾಮ್ ಡೆಸರ್ಟ್ ಎಂಬ ಊರು ಗಾಲ್ಫ್ ಮೈದಾನವೊಂದನ್ನು ನವೀಕರಿಸಲು ಸುಮಾರು 1 ಕೋಟಿ 67 ಲಕ್ಷ ಡಾಲರ್ ತೆಗೆದಿಟ್ಟದ್ದನ್ನು ರಾಜ್ಯದ ಲೆಕ್ಕಪತ್ರಾಧಿಕಾರಿ 2011ರಲ್ಲಿ ಬಯಲಿಗೆ ತಂದರು. ಸಂಸ್ಥೆಗಳ ಸಂಖ್ಯೆ 400ರಷ್ಟಾಗಿ, ರಾಜ್ಯದ ಆಸ್ತಿ ತೆರಿಗೆಯಲ್ಲಿ ಶೇಕಡಾ 12, ಎಂದರೆ ವರ್ಷಕ್ಕೆ 500 ಕೋಟಿ ಡಾಲರ್ ಅವುಗಳ ಪಾಲಾಗಿತ್ತು. ಶಾಲೆಗಳಿಗೆ ಹೀಗೆ ತಪ್ಪಿದ್ದನ್ನು ರಾಜ್ಯದ ಖಜಾನೆಯೇ ತುಂಬಿಕೊಡಬೇಕು. ಅದು ವರ್ಷಕ್ಕೆ ಸುಮಾರು 200 ಕೋಟಿ.

2011ರ ಜನವರಿಯಲ್ಲಿ ಜೆರ್ರಿ ಬ್ರೌನ್ ಗವರ್ನರ್ ಆದಾಗ ಬಜೆಟ್ಟಿನಲ್ಲಿ 2,500 ಕೋಟಿ ಡಾಲರಿನ ತೂತು. ಪುನರಭಿವೃದ್ಧಿ ಸಂಸ್ಥೆಗಳನ್ನು ಮುಚ್ಚೋಣ, ಹಣ ಶಾಲೆಗೂ ಪೊಲೀಸರಿಗೂ ಮರಳಲಿ ಎಂದರು. ತಮಾಷೆಯೆಂದರೆ, ಓಕ್‌ಲ್ಯಾಂಡಿನ ಮೇಯರ್ ಆಗಿದ್ದಾಗ ಪೇಟೆಗೆ ಹತ್ತು ಸಾವಿರ ಜನರನ್ನು ಕರೆತರುವ ತಮ್ಮ ಯೋಜನೆಗೆ ಅವರು ಇದೇ ಹಣವನ್ನು ನೆಚ್ಚಿದ್ದರು. 1976ರಲ್ಲಿ ಐದನೇ ಒಂದು ಪಾಲಿನ ಕಾನೂನು ಬಂದಾಗ ಗವರ್ನರ್ ಆಗಿದ್ದವರೂ ಇದೇ ಬ್ರೌನ್.

ಆ ವರ್ಷದ ಜೂನ್‌ನಲ್ಲಿ ಎರಡು ಕಾನೂನುಗಳು ಬಂದವು. ಒಂದು, ಸಂಸ್ಥೆಗಳನ್ನು ಮುಚ್ಚುವುದು. ಇನ್ನೊಂದು, ಕಾಣಿಕೆ ಕೊಟ್ಟವರು ಉಳಿಯಬಹುದು ಎನ್ನುವುದು. ಆ ವರ್ಷಕ್ಕೆ ಎಲ್ಲ ಸೇರಿ 170 ಕೋಟಿ, ಮುಂದೆ ವರ್ಷಕ್ಕೆ 40 ಕೋಟಿ. ಸಂಸ್ಥೆಗಳ ಸಂಘ ಕೋರ್ಟಿಗೆ ಹೋಯಿತು. ಅವರ ಕೈಯಲ್ಲಿ ಗಟ್ಟಿ ಆಯುಧವಿತ್ತು: ಸಂಸ್ಥೆಗಳ ಹಣಕ್ಕೆ ರಾಜ್ಯ ಕೈಹಾಕಬಾರದೆಂದು 2010ರ ನವೆಂಬರ್‌ನಲ್ಲಷ್ಟೇ ಮತದಾರರು ಸಂವಿಧಾನ ತಿದ್ದಿದ್ದರು. 2011ರ ಡಿಸೆಂಬರ್ 29ರಂದು ರಾಜ್ಯದ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಒಪ್ಪಿತು. ಕಾಣಿಕೆ ಕೇಳುವುದು ತಪ್ಪು, ಆದ್ದರಿಂದ ಎರಡನೆಯ ಕಾನೂನು ರದ್ದು. ಆದರೆ ತಾನು ಹುಟ್ಟಿಸಿದ ಸಂಸ್ಥೆಯನ್ನು ಮುಚ್ಚುವ ಅಧಿಕಾರ ರಾಜ್ಯಕ್ಕಿದೆ, ಆದ್ದರಿಂದ ಮೊದಲನೆಯದು ಊರ್ಜಿತ. ಬದುಕುವ ಬಾಗಿಲು ಮುಚ್ಚಿ ಸಾಯುವ ಬಾಗಿಲು ಮಾತ್ರ ತೆರೆದುಕೊಂಡಿತು, ಅದೂ ತಮ್ಮದೇ ಅರ್ಜಿಯಿಂದ! 2012ರ ಫೆಬ್ರುವರಿ 1ರಂದು ಎಲ್ಲ ಸಂಸ್ಥೆಗಳೂ ಇಲ್ಲವಾದವು.

ಆ ಹದಿಮೂರು ತಿಂಗಳು ಮನೆ ಕಟ್ಟುವವರ ಪಾಡು ಹೇಳತೀರದು. ಒಪ್ಪಂದಕ್ಕೆ ಸಹಿ ಬಿದ್ದಿದ್ದರೆ ಅದು ‘ಪಾಲಿಸಲೇಬೇಕಾದ ಬಾಧ್ಯತೆ’. ಮಾತಷ್ಟೇ ಆಗಿದ್ದರೆ ಗಾಳಿಗೋಪುರ. ಮುಚ್ಚುವ ಸುದ್ದಿ ಬಂದೊಡನೆ ಹಲವು ನಗರಗಳು ರಾತ್ರಿಯವರೆಗೂ ಸಭೆ ಸೇರಿ ಅವಸರದಲ್ಲಿ ಸಹಿ ಹಾಕಿದವು. ಕೆಲವು ಆಸ್ತಿಗಳನ್ನು ನಗರಸಭೆಯ ಹೆಸರಿಗೆ ಬರೆದವು. ಅಂಥವನ್ನು ವಾಪಸು ಕೊಡಿ ಎಂಬ ಆದೇಶ ಆಮೇಲೆ ಬಂತು. ಜಾಗ ಕೊಂಡು, ನಕ್ಷೆ ಬರೆಸಿ, ನೆರೆಹೊರೆಯವರ ತಕರಾರು ತೀರಿಸಿ ಸಿದ್ಧವಾದ ಯೋಜನೆ ಕೂಡ ರಾಜ್ಯದ ಹಣಕಾಸು ಇಲಾಖೆ ತನ್ನ ಪಟ್ಟಿಗೆ ಟಿಕ್ ಹಾಕುವವರೆಗೆ ಕಾಯಬೇಕಿತ್ತು. ತೆರಿಗೆ ರಿಯಾಯಿತಿಗೆ ಗಡುವಿದೆ, ಜಾಗದ ಸಾಲಕ್ಕೆ ಬಡ್ಡಿ ಓಡುತ್ತಿದೆ. 2012ರ ಜೂನ್‌ನ ಇನ್ನೊಂದು ಕಾನೂನು, ಮನೆಗಳಿಗೆಂದು ಕೂಡಿಟ್ಟು ಯಾರಿಗೂ ಬರೆದುಕೊಡದೆ ಉಳಿದಿದ್ದ ಹಣವನ್ನೂ ಗುಡಿಸಿ ಹಂಚಿತು. ವರ್ಷಗಳ ಕಾಲ ಜಾಗರೂಕತೆಯಿಂದ ಉಳಿಸಿಟ್ಟ ಊರು ದಡ್ಡವಾಯಿತು, ಬೇಗ ಖರ್ಚುಮಾಡಿದ ಊರು ಜಾಣವಾಯಿತು.

ಗಾಲ್ಫ್ ಮೈದಾನಕ್ಕೆ ಹೋದ ಹಣವನ್ನು ಶಾಲೆಗೆ ಮರಳಿಸಿದ್ದನ್ನು ಯಾರೂ ಟೀಕಿಸಲಾರರು. ಆದರೆ ಮನೆಗಳ ಪಾಲು ಮಾಡಿದ ಪಾಪವೇನು? ಅದನ್ನು ಬೇರೆ ಎತ್ತಿಟ್ಟು ಉಳಿದದ್ದನ್ನು ಮುಚ್ಚಬಹುದಿತ್ತು. ಇಲಿಯ ಕಾಟಕ್ಕೆ ಮನೆಗೇ ಬೆಂಕಿ ಇಟ್ಟಂತಾಯಿತು. ಇತ್ತ ಶಾಲೆಗಳಿಗಾದರೂ ಸುಗ್ಗಿಯಾಯಿತೇ ಎಂದರೆ ಅದೂ ಅಷ್ಟಕ್ಕಷ್ಟೆ. ಶಾಲೆಗಳಿಗೆ ಕೊಡಬೇಕಾದ ಕನಿಷ್ಠ ಮೊತ್ತವನ್ನು 1988ರಿಂದ ಸಂವಿಧಾನವೇ ಗೊತ್ತುಮಾಡಿರುವುದರಿಂದ, ಸ್ಥಳೀಯ ತೆರಿಗೆ ಹೆಚ್ಚು ಬಂದಷ್ಟೂ ರಾಜ್ಯ ತನ್ನ ಕೈಯಿಂದ ಹಾಕುವುದು ಬಹುಮಟ್ಟಿಗೆ ಕಡಿಮೆಯಾಯಿತು. ಊಟ ಬಡಿಸುವ ತಾಯಿಗೆ ಮನೆ ತಪ್ಪಿತು. ಆಕೆಯ ಮಗನ ತರಗತಿಗೆ ಅಂಥ ಹೆಚ್ಚಿನದೇನೂ ಬರಲಿಲ್ಲ. ಹಗುರಾದದ್ದು ರಾಜಧಾನಿ ಸ್ಯಾಕ್ರಮೆಂಟೋದ ಖಜಾನೆ.

ತುಂಬಿಕೊಳ್ಳುವ ಪ್ರಯತ್ನಗಳು ಆಮೇಲೆ ಒಂದೊಂದಾಗಿ ನಡೆದವು. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 2012ರ ನವೆಂಬರ್‌ನಲ್ಲೇ ತಮ್ಮದೇ ವಸತಿ ನಿಧಿ ಮಾಡಿಕೊಂಡರು. ಸ್ಯಾನ್ ಹೋಸೆ ಇರುವ ಸಾಂತಾ ಕ್ಲಾರಾ ಕೌಂಟಿಯವರು 2016ರಲ್ಲಿ 95 ಕೋಟಿ ಡಾಲರಿನ ಸಾಲಪತ್ರಕ್ಕೆ ಒಪ್ಪಿದರು. 2018ರಲ್ಲಿ ರಾಜ್ಯದ ಮತದಾರರು 400 ಕೋಟಿಗೆ ಹೂಂ ಎಂದರು. ದೊಡ್ಡ ಮೊತ್ತಗಳೇ. ಆದರೆ ಸಾಲಪತ್ರದ ಹಣ ಒಮ್ಮೆ ಬಂದು ಮುಗಿದುಹೋಗುವಂಥದ್ದು. ವರ್ಷವರ್ಷವೂ ತಾನಾಗಿ ಒಸರುತ್ತಿದ್ದ ಆ ಹಳೆಯ ಒರತೆಯಲ್ಲ. 2014ರ ಕಾನೂನೊಂದು ಹೆಚ್ಚಳದ ತೆರಿಗೆಯನ್ನು ಬಳಸಲು ಮತ್ತೆ ಅವಕಾಶ ಕೊಟ್ಟಿತಾದರೂ ಶಾಲೆಯ ಪಾಲನ್ನು ಮುಟ್ಟುವಂತಿಲ್ಲ ಎಂದಿತು. 2019ರಲ್ಲಿ ಶಾಸನಸಭೆ ಒಪ್ಪಿ ಕಳಿಸಿದ ಇನ್ನೊಂದು ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ. ರಾಜ್ಯಕ್ಕೆ ವರ್ಷಕ್ಕೆ 200 ಕೋಟಿ ಡಾಲರ್ ಹೊರೆಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಮುಚ್ಚಿದ ಸಂಸ್ಥೆಗಳು ಕಟ್ಟಿಸಿದ ಮನೆಗಳು ಮಾತ್ರ ಹಾಗೇ ಇವೆ. ಈ ಹಣದಿಂದ 2002ರ ನಂತರ ಎದ್ದ ಬಾಡಿಗೆ ಮನೆಗಳ ಬಾಡಿಗೆ ಕನಿಷ್ಠ 55 ವರ್ಷ ಬಡವರ ಕೈಗೆಟಕುವಂತಿರಬೇಕೆಂಬುದು ಕಾನೂನು. 2008ರಲ್ಲಿ ಬಾಗಿಲು ತೆರೆದ ಕಟ್ಟಡಕ್ಕೆ ಆ ಕರಾರು 2063ರವರೆಗೂ ನಡೆಯುತ್ತದೆ.